ಕರಿ ನಾಕಿನ ಚನಮಲ್ಲಪ್ಪನವರು

ಚನಮಲ್ಲಪ್ಪನವರು ಹಾಡುವ ಮೊದಲು ಬಲಗಾಲಿನ ಚಪ್ಪಲಿ ಕಳಚುತ್ತಿದ್ದರು. ಎರಡನ್ನೂ ಅಲ್ಲ, ಬಲಗಾಲಿನದೊಂದನ್ನೇ. ಕಳಚಿ, ಬರಿಯ ಪಾದವನ್ನು ನೆಲಕ್ಕೂರಿ, ಐದೂ ಬೆರಳುಗಳನ್ನು ಅಗಲಿಸಿ, ಬಚ್ಚಲಿನ ನೀರು ಎಷ್ಟು ಕಾದಿದೆಯೆಂದು ನೋಡುವವರ ಹಾಗೆ ಕಣ್ಣು ಮುಚ್ಚಿ ಒಂದು ಗಳಿಗೆ ನಿಂತು, ಆಮೇಲೆ ಬಾಯಿ ತೆರೆಯುವರು. ಚಹಾದಂಗಡಿಯ ಕಟ್ಟೆಯ ಮೇಲೆ ಯಾರಾದರೂ ಒಂದು ನುಡಿ ಹಾಡಿರೆಂದು ಕಾಡಿದರೂ ಇದೇ ವಿಧಿ. ರಂಗದ ಮೇಲೆ ರಾಣಿಯ ವೇಷದಲ್ಲಿದ್ದಾಗ ಚಪ್ಪಲಿಯೇ ಇರದ ಕಾರಣ, ಸೀರೆಯ ನಿರಿಗೆಯನ್ನು ಎರಡು ಬೆರಳಿನಲ್ಲಿ ತುಸುವೇ ಎತ್ತಿ ಗೆಜ್ಜೆಗಾಲನ್ನು ನೆಲಕ್ಕೆ ಒತ್ತುವರು. ನಾನು ಜಮಖಂಡಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುವವನು. ಕಂಡದ್ದಕ್ಕೆಲ್ಲ ಅರ್ಥ ಹಚ್ಚುವುದು ನನ್ನ ವೃತ್ತಿಗೆ ಅಂಟಿದ ಜಾಡ್ಯ. ಹೀಗಾಗಿ ಒಂದು ಸ್ಮರಣ ಸಂಚಿಕೆಯಲ್ಲಿ, ಇದು ಜಾನಪದ ಕಲಾವಿದನು ಭೂಮಾತೆಗೆ ಸಲ್ಲಿಸುವ ಮೌನವಂದನೆಯೆಂದು ಬರೆದು, ಅಡಿಟಿಪ್ಪಣಿಯನ್ನೂ ಜೋಡಿಸಿದ್ದೆ. ಅದನ್ನು ಓದಿಸಿಕೊಂಡು ಕೇಳಿದ ಚನಮಲ್ಲಪ್ಪನವರು, "ಛಲೋ ಬರದೀರಿ ಸರ. ನಾ ಇಷ್ಟ ಶ್ಯಾಣ್ಯಾ ಅನ್ನೂದು ನನಗ ಗೊತ್ತ ಇರಲಿಲ್ಲ" ಎಂದರು. ಅದು ಹೊಗಳಿಕೆಯೆಂದೇ ನಾನು ಬಹಳ ವರ್ಷ ತಿಳಿದುಕೊಂಡಿದ್ದೆ.

ಅವರು ಬನಹಟ್ಟಿಯ ನೇಕಾರರು. ಮನೆಯ ಪಡಸಾಲೆಯಲ್ಲಿ ಎರಡು ಪಾವರಲೂಮ್ ಮಗ್ಗ, ಹಿಂದಿನ ಕೋಣೆಯಲ್ಲಿ ಸಂಸಾರ. ಹಗಲು ಸೀರೆ ನೇಯುವುದು, ಕರೆ ಬಂದಾಗ ಸೀರೆ ಉಟ್ಟು ಆಡುವುದು, ಹೀಗೆ ಜನ್ಮವೆಲ್ಲ ಸೀರೆಯ ಒಳಗೂ ಹೊರಗೂ ಕಳೆದವರು. ನಮ್ಮ ಕಡೆಯ ಸಣ್ಣಾಟವನ್ನು ಕಾಣದವರಿಗೆ ಒಂದು ಮಾತು ಹೇಳಬೇಕು: ಅದರಲ್ಲಿ ಮಾತು ಕಡಿಮೆ, ಹಾಡೇ ಎಲ್ಲ. ಸಿಟ್ಟು ಬಂದರೆ ಹಾಡು, ಹಸಿವಾದರೆ ಹಾಡು. ಸಾಯುವವನೂ ಎರಡು ನುಡಿ ಹಾಡಿ, ಹಿಂದೆ ನಿಂತ ಹಿಮ್ಮೇಳದವರು ಅದರ ಕೊನೆಯ ಸಾಲನ್ನು ಎತ್ತಿ ಎಳೆದು ಮುಗಿಸುವತನಕ ಕಾದು, ಆಮೇಲೆ ಪ್ರಾಣ ಬಿಡಬೇಕು. ಚನಮಲ್ಲಪ್ಪನವರ ಮೇಳ ಕಟ್ಟಿಕೊಂಡಿದ್ದುದು ಚಂಪಾರಾಣಿಯ ಆಟ. ಚಾಡಿಮಾತು ನಂಬಿದ ರಾಜ ರಾಣಿಯನ್ನು ಅರಮನೆಯಿಂದ ಹೊರಗೆ ಹಾಕುತ್ತಾನೆ. ಅವಳು ಹೊರಡುವ ಮುನ್ನ ಹೊಸ್ತಿಲಿನ ಮುಂದೆ ನಿಂತು ಒಂದು ಹಾಡು ಹಾಡುತ್ತಾಳೆ. ಆ ಹೊಸ್ತಿಲ ಹಾಡಿಗಾಗಿ ಸಾವಳಗಿಯಿಂದ ಬೀಳಗಿಯವರೆಗೆ ಜನ ಟ್ರ್ಯಾಕ್ಟರ್ ಹೂಡಿಕೊಂಡು ಬರುತ್ತಿದ್ದರು. ಅದನ್ನು ಅವರು ಹಾಡುತ್ತಿದ್ದುದು ಕರಿ ನಾಕಿನಲ್ಲಿ, ಅಂದರೆ ಹಾರ್ಮೋನಿಯಂ ಪೇಟಿಯ ನಾಲ್ಕನೆಯ ಕರಿಪಟ್ಟಿಯ ಶ್ರುತಿಯಲ್ಲಿ. ಆ ಎತ್ತರಕ್ಕೆ ಗಂಡಸಿನ ಗಂಟಲು ಏರಬೇಕಾದರೆ ದೇವರ ದಯೆ ಇರಬೇಕು, ಇಲ್ಲವೆ ಮಗ್ಗಗಳ ಸದ್ದಿನ ಮೇಲೆ ಕೂಗಿ ಕರೆಯುವ ಬನಹಟ್ಟಿಯ ತಾಯಿಯ ಹೊಟ್ಟೆಯಲ್ಲಿ ಹುಟ್ಟಿರಬೇಕು.

ಆಳು ಐದಡಿ, ಸಣಕಲು. ಧೋತರದ ಮೇಲೆ ಒಂದು ಕರಿಯ ಕೋಟು. ಅದು ಜಮಖಂಡಿಯ ಕೋರ್ಟಿನ ಕಾರಕೂನರೊಬ್ಬರು ಹೊಸ್ತಿಲ ಹಾಡಿಗೆ ಅತ್ತು, ಅಳು ತಡೆಯಲಾರದೆ ಮೈಮೇಲಿನದನ್ನೇ ಬಿಚ್ಚಿ ಆಯೇರಿ, ಅಂದರೆ ಮೆಚ್ಚುಗೆಯ ಉಡುಗೊರೆ, ಮಾಡಿದ್ದು. ಕಾರಕೂನರು ಆರಡಿಯವರು. ತೋಳು ನಾಲ್ಕು ಬೆರಳು ಉದ್ದವಾಗಿ ಚನಮಲ್ಲಪ್ಪನವರ ಕೈಯನ್ನು ಉಗುರಿನವರೆಗೆ ಮುಚ್ಚುತ್ತಿತ್ತು. ಕತ್ತರಿಸಬಾರದೇ ಎಂದರೆ, "ಕೊಟ್ಟಾಂವ ದೊಡ್ಡ ಮನಿಷ್ಯಾ. ಕೋಟ್ ಸಣ್ಣದ ಮಾಡಿದ್ರ ಅವನ್ನ ಸಣ್ಣಾಂವನ್ನ ಮಾಡಿಧಂಗ ಆಗತೈತಿ" ಎನ್ನುವರು. ಅದರ ಎಡಜೇಬಿನಲ್ಲಿ ಜ್ಯೇಷ್ಠಮಧು, ಲವಂಗ, ಕಲ್ಲುಸಕ್ಕರೆ; ಬಲಜೇಬಿನಲ್ಲಿ ನೂಲು ಕತ್ತರಿಸುವ ಪುಟ್ಟ ಕತ್ತರಿ. ನಡಿಗೆಯಂತೂ ನಲವತ್ತೆರಡು ವರ್ಷ ರಾಣಿಯಾಗಿದ್ದುದರ ಫಲ: ತಲೆಯ ಮೇಲೆ ನೂಲಿನ ಗಂಟು ಹೊತ್ತು ಸಂತೆಯ ನೂಕುನುಗ್ಗಲಿನಲ್ಲಿ ಬಂದರೂ ಹೆಜ್ಜೆ ಗೇಣಿನಷ್ಟೇ, ಕತ್ತು ನೆಟ್ಟಗೆ, ದೃಷ್ಟಿ ಯಾರ ಮೇಲೂ ಇಲ್ಲ. ರಬಕವಿಯ ಬಸ್ಸಿನ ಕಂಡಕ್ಟರು ಅವರನ್ನು ದೂರದಲ್ಲಿ ಕಂಡರೆ, "ತಡೀರಿ, ರಾಣಿ ಸಾಹೇಬ್ರು ಬರಾಕತ್ತಾರ" ಎಂದು ಗಾಡಿ ನಿಲ್ಲಿಸುವನು. ಅವರೂ ಅವಸರ ಮಾಡುತ್ತಿರಲಿಲ್ಲ.

ಮಾತು ಮಾತ್ರ ರಾಣಿಯದಲ್ಲ, ಮಗ್ಗದ ಮನೆಯದು. ನೇಕಾರರ ಓಣಿಯಲ್ಲಿ ಎಲ್ಲರೂ ಗಟ್ಟಿಯಾಗಿಯೇ ಮಾತಾಡುತ್ತಾರೆ. ಇವರು ಅವರಿಗಿಂತ ಒಂದು ಪಟ್ಟಿ ಮೇಲೆ. "ಸರ, ಒಂದ್ ಗುಟ್ಟಿನ ಮಾತ ಹೇಳತೇನಿ, ಯಾರಿಗೂ ಹೇಳಬ್ಯಾಡ್ರಿ" ಎಂದು ಅವರು ಶುರುಮಾಡಿದರೆ ಆಚೆ ಓಣಿಯವರು ಕೆಲಸ ಬಿಟ್ಟು ಬಂದು ಕೂರುತ್ತಿದ್ದರು. ಯಾವ ಪ್ರಶ್ನೆ ಕೇಳಿದರೂ "ಅದಿರಲಿ ಬಿಡ್ರಿ" ಎಂದು ತಮಗೆ ಬೇಕಾದ ಉತ್ತರ ಕೊಡುವ ಅಭ್ಯಾಸ ಬೇರೆ. ಅದನ್ನು ಕಲಾವಿದನ ಸಹಜವಾದ ಉದಾಸೀನತೆಯೆಂದು ಬರೆದವನೂ ನಾನೇ.

ಜೀವನದಲ್ಲಿ ಅವರಿಗೆ ಒಂದೇ ಕೊರತೆ, ಮೀಸೆ. ಗಲ್ಲಿ ಗಲ್ಲಿಯಲ್ಲಿ ಮೀಸೆ ತಿರುವುವ ಈ ಸೀಮೆಯಲ್ಲಿ ನಲವತ್ತೆರಡು ವರ್ಷ ಬೋಳು ತುಟಿಯಲ್ಲಿ ಬಾಳುವುದು ಸಣ್ಣ ತಪಸ್ಸಲ್ಲ. ಕ್ಷೌರದಂಗಡಿಯ ಕನ್ನಡಿಯಲ್ಲಿ ಮೇಲ್ತುಟಿಯನ್ನು ನೋಡಿಕೊಂಡು, "ಆಟ ಬಿಟ್ಟ ಮರುದಿನದಿಂದ ಬಿಡತೇನಿ ನೋಡ, ಹುರಿ ಮೀಸಿ" ಎಂದು ನಿಟ್ಟುಸಿರಿಡುತ್ತಿದ್ದರು. ಆದರೆ ಆಟ ಬಿಡಲು ಮನಸ್ಸಿರಲಿಲ್ಲ, ಮೀಸೆ ಬರಲು ದಾರಿಯಿರಲಿಲ್ಲ.

ಅವರ ಹೆಂಡತಿ ಭಾಗವ್ವ ಗಂಡನ ಆಟವನ್ನು ನೋಡಿದ್ದು ಜನ್ಮದಲ್ಲಿ ಒಂದೇ ಸಲ. ಮದುವೆಯಾದ ವರ್ಷ ಹೊಸ ಮದುಮಗಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಪರದೆ ಸರಿಯಿತು, ಚಂಪಾರಾಣಿ ಬಂದಳು, ಭಾಗವ್ವ ನೋಡುತ್ತಾಳೆ: ರಾಣಿ ಉಟ್ಟದ್ದು ತನ್ನ ಧಾರೆಯ ಸೀರೆ. ಟ್ರಂಕಿನ ಕೀಲಿ ಕೇಳದೆ ತೆಗೆದದ್ದು ಒಂದು ತಪ್ಪು. ಅದು ತನಗಿಂತ ಗಂಡನಿಗೇ ಹೆಚ್ಚು ಒಪ್ಪುತ್ತಿದೆಯೆಂದು ಪಕ್ಕದ ಹೆಂಗಸರು ಪಿಸುಗುಟ್ಟಿದ್ದು ಇನ್ನೊಂದು. ಎದ್ದು ಮನೆಗೆ ಹೋದವಳು ಮತ್ತೆ ಆಟದ ಕಡೆ ತಲೆ ಹಾಕಲಿಲ್ಲ. ತಮ್ಮ ಓಣಿಯಲ್ಲೇ, ಮನೆಯಿಂದ ಇಪ್ಪತ್ತು ಹೆಜ್ಜೆಯಲ್ಲೇ ಆಟವಿದ್ದರೂ, ಓಣಿಯ ಹೆಂಗಸರೆಲ್ಲ ಮಗ್ಗ ನಿಲ್ಲಿಸಿ, ಚಾಪೆ ಹಿಡಿದು ಬಂದರೂ, ಭಾಗವ್ವ ಒಳಗೆ ಕೂತು ಖಟಖಟ ಮಗ್ಗ ಓಡಿಸುವಳು. "ಸೀರಿ ಸಿಟ್ಟು ಸಾಯೂತನಾ" ಎಂದು ಊರು ನಕ್ಕಿತು. ನಾನೂ ನಕ್ಕು, ಅದನ್ನೊಂದು ಹಾಸ್ಯಪ್ರಸಂಗವಾಗಿ ನಾಲ್ಕಾರು ಭಾಷಣದಲ್ಲಿ ಬಳಸಿಕೊಂಡೆ.

ಇನ್ನು ಅವರ ಹಟಗಳಲ್ಲಿ ರಂಗ ಕಟ್ಟುವ ಜಾಗದ ಹಟವೇ ದೊಡ್ಡದು. ಗುಡಿಯ ಮುಂದೆ ಹಸನಾದ ಬಯಲಿದ್ದರೂ ಬೇಡ. ಸಾವಳಗಿಯಲ್ಲಿ ಹಿಟ್ಟಿನ ಗಿರಣಿಯ ಗೋಡೆಗೆ ತಾಗಿಸಿಯೇ ಕಂಬ ನೆಡಿಸಿದರು, ಆಟ ಮುಗಿಯುವತನಕ ಗಿರಣಿ ಓಡುತ್ತಿರಬೇಕೆಂದು ಊರಲ್ಲಿದ್ದ ಜೋಳವನ್ನೆಲ್ಲ ಬೀಸಿಸಿದರು. ಬೀಳಗಿಯಲ್ಲಿ ಜನರೇಟರನ್ನು ಸದ್ದಾಗದಂತೆ ದೂರ ಇಟ್ಟಿದ್ದ ಯಜಮಾನರ ಮೇಲೆ ಮುನಿದು, ಅದನ್ನು ನಾಲ್ಕು ಜನರಿಂದ ಹೊರಿಸಿ ಪರದೆಯ ಹಿಂದೆ ತರಿಸಿದರು. ಹೊಗೆಯಿಂದ ರಾಜ ಕೆಮ್ಮಿದ, ಮಂತ್ರಿ ಕೆಮ್ಮಿದ, ರಾಣಿ ಮಾತ್ರ ಹೊಸ್ತಿಲ ಹಾಡನ್ನು ಕರಿ ನಾಕಿನಲ್ಲಿ ಗೆರೆ ಕೊರೆದ ಹಾಗೆ ಹಾಡಿದಳು. ಮುದುಕನಿಗೆ ಕತ್ತಲೆಯ ಭಯ, ದೀಪದ ಯಂತ್ರ ಹತ್ತಿರವೇ ಇರಬೇಕೆನ್ನುತ್ತಾನೆ ಎಂದು ಜನ ಆಡಿಕೊಂಡರು. ಮುಧೋಳದ ಒಂದು ಆಟದಲ್ಲಿ ಅಭಿಮಾನಿಯೊಬ್ಬ ತಿಮ್ಮಾಪುರದ ಕಡೆಯ ಜಾತಿನಾಯಿಯ ಮರಿಯೊಂದನ್ನು ಆಯೇರಿ ಕೊಟ್ಟದ್ದೂ ಉಂಟು. ಬೆಳಗ್ಗೆ ಚನಮಲ್ಲಪ್ಪನವರು ಮಗ್ಗದ ಕಾಲಿಗೆ ತಮ್ಮ ಕಾಲು ತಾಗಿಸಿ ತಾಲೀಮಿಗೆ ನಿಂತರೆ ಅದು ಓಣಿ ಬಿಟ್ಟು ಓಡಿಹೋಗಿ, ಹಾಡು ಮುಗಿದ ಮೇಲೆ ಬರುತ್ತಿತ್ತು. ಆ ಜಾತಿಯ ವೇಗ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಅರವತ್ತೆಂಟು ತುಂಬಿದ ವರ್ಷ ಗಂಟಲು ಮೊದಲಿನ ಹಾಗೆ ಮಾತು ಕೇಳದಾಯಿತು. ಪೇಟಿ ನುಡಿಸುವ ನಾಮದೇವ ಮೂವತ್ತು ವರ್ಷದ ಜೊತೆಗಾರ. ಸೌಮ್ಯ ಮನುಷ್ಯ, ಯಾರ ಮನಸ್ಸನ್ನೂ ನೋಯಿಸಲಾರ. ಅವನು ಒಂದು ದಿನ ನನ್ನೆದುರಿಗೇ ಹೆದರುತ್ತ, "ಅಣ್ಣಾ, ಇನ್ನ ಕರಿ ಎರಡಕ್ಕ ಇಳಿಸಿ ಹಾಡೂಣೇನು? ಮಂದಿಗೇನು ತಿಳಿಯೂದಿಲ್ಲ" ಎಂದ. ಚನಮಲ್ಲಪ್ಪನವರು ಎಡಜೇಬಿನಿಂದ ಒಂದು ಲವಂಗ ತೆಗೆದು ಬಾಯಿಗೆ ಹಾಕಿಕೊಂಡರು. ಆಮೇಲೆ, ಜೀವಮಾನದಲ್ಲಿ ಒಂದೇ ಸಲ, ಮೆಲ್ಲಗೆ ಮಾತಾಡಿದರು.

"ಇಳಿಸೂದು ಬ್ಯಾಡ, ಬಿಟ್ಟ ಬಿಡೂಣು. ಒಂದ್ ಕಡೀ ಆಟ ಆಡತೇನಿ. ಹೊಸ್ತಿಲ ಹಾಡು ಕರಿ ನಾಕಿನ್ಯಾಗ ಹಾಡಿ ಗೆಜ್ಜಿ ಬಿಚ್ಚತೇನಿ. ಹಂಗ ಆದ್ರ ನಾ ಆಟ ಬಿಟ್ಟೆ ಅಂತ ಅರ್ಥ. ಇಳಿಸಿ ಹಾಡಿದ್ರ, ಆಟನ ನನ್ನ ಬಿಟ್ಟಂಗ."

ಅಂದಿನಿಂದ ಅವರು ಎಣ್ಣೆಯ ಪದಾರ್ಥ ಬಿಟ್ಟರು, ತಣ್ಣೀರು ಬಿಟ್ಟರು, ಗುಟ್ಟಿನ ಮಾತುಗಳನ್ನೂ ಕೂಗಿ ಹೇಳುವುದು ಬಿಟ್ಟರು. ಇಡೀ ಗಂಟಲನ್ನು ಆ ಒಂದು ಹಾಡಿಗಾಗಿ ಕೂಡಿಡತೊಡಗಿದರು.

ಸುದ್ದಿ ಹಬ್ಬಿತು, ಸಮಿತಿಯಾಯಿತು. ಮೂರು ಡಜನ್ ಮಗ್ಗಗಳ ಮಾಲೀಕ ಪರಮಾನಂದ ಅದರ ಅಧ್ಯಕ್ಷ. ಒಳ್ಳೆಯದನ್ನು ಮಾಡಬೇಕೆಂಬ ಅವಸರದಲ್ಲಿ ಯಾರನ್ನೂ ಏನನ್ನೂ ಕೇಳದ ಉದಾರಿ. ಈಗಿನ ಜನಕ್ಕೆ ಬೆಳಗಿನತನಕ ಕೂರುವ ಶಕ್ತಿಯಿಲ್ಲವೆಂದು ಸಂಜೆ ನಾಲ್ಕರಿಂದ ಎಂಟರವರೆಗೆ ಆಟ, ಅದೂ ಚನಮಲ್ಲಪ್ಪನವರ ಓಣಿಯಲ್ಲೇ ಎಂದು ನಿಶ್ಚಯವಾಯಿತು. ಸಭೆಯಲ್ಲಿ ನನ್ನನ್ನೂ ಎರಡು ಮಾತಾಡಲು ಕೇಳಿದರು. ಕೇಳಬಾರದಿತ್ತು. ನಾನು ಎದ್ದು ನಿಂತು, "ನಲವತ್ತೆರಡು ವರ್ಷ ಈ ಮಹಾನುಭಾವ ಯಂತ್ರಗಳ ಕರ್ಕಶ ಧ್ವನಿಯೊಡನೆ ಸೆಣಸಿ ಹಾಡಿದ್ದಾರೆ. ಆ ಒಂದು ಸಂಜೆಯಾದರೂ ಮಗ್ಗಗಳು ಮೌನ ಧರಿಸಲಿ. ಬನಹಟ್ಟಿಯು ತನ್ನ ಕೋಗಿಲೆಗೆ ಕೊಡಬಹುದಾದ ಪರಮ ಕಾಣಿಕೆಯೆಂದರೆ ನಿಶ್ಶಬ್ದ" ಎಂದೆ. ಚಪ್ಪಾಳೆ ಬಿತ್ತು. ಪರಮಾನಂದನ ಕಣ್ಣು ತುಂಬಿದವು. ಆ ಪಾಪ ನನ್ನದು. ಬೇರೆಯವರ ತಲೆಗೆ ಕಟ್ಟಲಾರೆ.

ಪರಮಾನಂದ ಮನೆಮನೆಗೂ ಹೋಗಿ, ಆಟದ ದಿನ ನಾಲ್ಕು ತಾಸು ಮಗ್ಗ ಬಂದ್ ಎಂದು ಮಾತು ತೆಗೆದುಕೊಂಡ. ಭಾಗವ್ವನ ಬಾಗಿಲಿಗೆ ಹೋದಾಗ ನಾನೂ ಜೊತೆಗಿದ್ದೆ.

"ಅವರಿಗೆ ಕೇಳೀರೇನ್ರೀ?" ಎಂದಳು ಭಾಗವ್ವ.

"ಇಲ್ಲ ವೈನಿ, ಅವರಿಗೆ ಹೇಳಬ್ಯಾಡ್ರಿ. ಸರ್‌ಪ್ರೈಸ್ ಐತಿ."

ಭಾಗವ್ವ ಅವನ ಮುಖವನ್ನೂ ನನ್ನ ಮುಖವನ್ನೂ ಒಂದೊಂದು ಸಲ ನೋಡಿ, "ಕಲತ ಮಂದಿ, ನಿಮಗ ತಿಳದಿದ್ದು ಮಾಡ್ರಿ" ಎಂದು ಒಳಗೆ ಹೋದಳು. ಸೀರೆ ಸಿಟ್ಟು ಇನ್ನೂ ಇಳಿದಿಲ್ಲವೆಂದು ನಾವು ನಗುತ್ತ ಬಂದೆವು.

ಆ ಸಂಜೆ ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಬನಹಟ್ಟಿಯಲ್ಲಿ ನಿಶ್ಶಬ್ದವನ್ನು ಕೇಳಿದವರಿಲ್ಲ. ಅದು ಹೇಗಿರುತ್ತದೆಂದು ಜನಕ್ಕೆ ಗೊತ್ತೇ ಇಲ್ಲ. ತೊಟ್ಟಿಲಲ್ಲಿ ಮಲಗಿದ್ದ ಕೂಸುಗಳು ಬೆಚ್ಚಿ ಎದ್ದು ಅತ್ತವು. ಮುದುಕರು ಹೊರಗೆ ಬಂದು, "ಕರೆಂಟ್ ಹೋತೇನು? ಯಾರರೆ ದೊಡ್ಡವರು ತೀರಿಕೊಂಡ್ರೇನು?" ಎಂದು ವಿಚಾರಿಸಿದರು. ಗಂಡಹೆಂಡಿರು ಮನೆಯೊಳಗೆ ಎಂದಿನಂತೆ ಮಾತಾಡಿದ್ದು ಬೀದಿಗೆಲ್ಲ ಕೇಳಿ ಎರಡು ಮನೆಗಳಲ್ಲಿ ಜಗಳವಾಯಿತು. ಪರಮಾನಂದ ರಂಗವನ್ನು ನೆಲದಿಂದ ಐದಡಿ ಎತ್ತರಕ್ಕೆ ಕಬ್ಬಿಣದ ಕಾಲುಗಳ ಮೇಲೆ ಕಟ್ಟಿಸಿ, ಮೇಲೆ ಸ್ಪಂಜು ಹಾಸಿ, ಸ್ಪಂಜಿನ ಮೇಲೆ ಕೆಂಪು ಜಮಖಾನೆ ಹೊದಿಸಿದ್ದ. ಮುದುಕರ ಪಾದ ನೋಯಬಾರದಲ್ಲ.

ಮೊದಲು ಸನ್ಮಾನ. ಎಂಟು ಸಂಘಗಳ ಎಂಟು ಶಾಲು. ನನ್ನ ಹತ್ತು ನಿಮಿಷದ ಭಾಷಣವನ್ನು ನಾನು ಇಪ್ಪತ್ತೈದು ನಿಮಿಷದಲ್ಲಿ ಸಂಕ್ಷೇಪಿಸಿದೆ. ಆಮೇಲೆ ಚಂಪಾರಾಣಿ ಬಂದಳು; ಹಸಿರು ಇಳಕಲ್ ಸೀರೆ, ಮೂಗಿಗೆ ನತ್ತು, ಕಾಲಿಗೆ ಗೆಜ್ಜೆ. ಪದ್ಧತಿಯಂತೆ ನಿರಿಗೆ ಎತ್ತಿ ಬಲಗಾಲು ಊರಿದರು. ಕಾಲು ಸ್ಪಂಜಿನಲ್ಲಿ ಇಳಿಯಿತು. ಎತ್ತಿ ಮತ್ತೊಮ್ಮೆ ಊರಿದರು. ಆಮೇಲೆ ಎಡಗಾಲನ್ನು ಊರಿದರು. "ನೋಡ್ರಿ, ಇವತ್ತ ಭೂಮಾತೆಗೆ ಮೂರು ವಂದನೆ" ಎಂದು ನಾನು ಪಕ್ಕದವರಿಗೆ ಹೇಳಿದೆ.

ಮೊದಲ ಹಾಡುಗಳನ್ನು ಹಿಮ್ಮೇಳದ ಕರೆಪ್ಪ ಹೇಗೋ ಉಳಿಸಿದ. ಅವನು ಸಾವಳಗಿಯ ಕುರಿಗಾರ. ಹೊಲದ ಆಚೆ ದಂಡೆಯ ಕುರಿಯನ್ನು ಈಚೆ ದಂಡೆಯಿಂದ ತಿರುಗಿಸುವ ಕಂಠ. ರಾಣಿ ಸಾಲನ್ನು ಮುಗಿಸುವ ಮೊದಲೇ ಅದನ್ನು ಬಾಚಿಕೊಂಡು ಮೇಲೆತ್ತಿ, ತಪ್ಪಿದ ಶ್ರುತಿಯನ್ನು ನುಂಗಿಬಿಡುತ್ತಿದ್ದ. ಆದರೆ ಹೊಸ್ತಿಲ ಹಾಡಿಗೆ ಹಿಮ್ಮೇಳವಿಲ್ಲ. ಆ ಹಾಡಿಗೆ ರಾಣಿ ಒಬ್ಬಳೇ ಇರಬೇಕು, ಅದು ಆಟದ ಕಟ್ಟು.

ನಾಮದೇವ ಕರಿ ನಾಕು ಒತ್ತಿ ಹಿಡಿದ. ಚನಮಲ್ಲಪ್ಪನವರು ಬಾಯಿ ತೆರೆದರು. ಸ್ವರ ಎಲ್ಲೋ ಮೂರಕ್ಕೂ ನಾಲ್ಕಕ್ಕೂ ನಡುವೆ ಹೊರಟು, ಇಳಿದು, ಏರಿ, ಮತ್ತೆ ಜಾರಿತು. ಬಿಟ್ಟ ಬಸ್ಸಿನ ಹಿಂದೆ ಓಡುವವನಂತೆ ನಾಮದೇವ ಪಟ್ಟಿಯಿಂದ ಪಟ್ಟಿಗೆ ಓಡಿದ. ಅರ್ಧ ಸಾಲಿಗೆ ಹಾಡು ನಿಂತಿತು. ನಲವತ್ತೆರಡು ವರ್ಷದಲ್ಲಿ ಆ ಹಾಡು ಹಾಗೆ ನಿಂತದ್ದಿಲ್ಲ.

"ಸ್ವರ ಸಿಗವಲ್ದು" ಎಂದರು ಚನಮಲ್ಲಪ್ಪನವರು. ಮೈಕು ಅದನ್ನು ಊರಿಗೆಲ್ಲ ಹೇಳಿತು.

ಜನ ಅದನ್ನು ಅಗಲಿಕೆಯ ದುಃಖವೆಂದು ತಿಳಿದರು. ಓಣಿಗೆ ಓಣಿಯೇ ಕಣ್ಣೊರೆಸಿಕೊಂಡಿತು, ಚಪ್ಪಾಳೆಯೋ ಚಪ್ಪಾಳೆ. ನಾನು ಕರ್ಚೀಫು ತೆಗೆದೆ. ಪರಮಾನಂದ ಬಿಕ್ಕುತ್ತ ರಂಗವೇರಿ, ಎಲ್ಲಿಂದಲೋ ಒಂಬತ್ತನೆಯ ಶಾಲನ್ನು ತಂದು ರಾಣಿಗೆ ಹೊದಿಸಿ, ಕಾಲಿಗೆ ಬಿದ್ದು ಹೋದ. ಚನಮಲ್ಲಪ್ಪನವರು ಶಾಲು ಹೊದ್ದು ಮತ್ತೆ ಪ್ರಯತ್ನಿಸಿದರು. ಈ ಸಲ ಸ್ವರ ಇನ್ನೂ ಕೆಳಗೆ ಹೋಯಿತು, ಚಪ್ಪಾಳೆ ಇನ್ನೂ ಜೋರಾಯಿತು. ನಾಮದೇವ ಬಾಗಿ ಅವರ ಕಿವಿಯಲ್ಲಿ ಏನೋ ಹೇಳಿದ, ಕೈಯ ಎರಡು ಬೆರಳು ತೋರಿಸಿದ. ಕರಿ ಎರಡು. ಚನಮಲ್ಲಪ್ಪನವರು ಬೇಡವೆಂದು ತಲೆ ಅಲ್ಲಾಡಿಸಿದರು. ಆಮೇಲೆ ಮೆಲ್ಲಗೆ ಬಗ್ಗಿ, ಹಾಡದೆಯೇ ಗೆಜ್ಜೆಯ ಗಂಟಿಗೆ ಕೈ ಹಾಕಿದರು.

ಮುಂದಿನ ಸಾಲಿನಲ್ಲಿದ್ದ ನನಗೆ ಅವರ ಮುಖ ಕಾಣುತ್ತಿತ್ತು. ಅದು ಅಳುವವರ ಮುಖವಲ್ಲ. ಸಂತೆಯಲ್ಲಿ ಕೈತಪ್ಪಿದ ಮಗುವಿನ ಮುಖ.

ಖಟ್. ಖಟ್. ಖಟಖಟಖಟ.

ಇಪ್ಪತ್ತು ಹೆಜ್ಜೆಯಾಚೆ ಒಂದು ಮಗ್ಗ ಶುರುವಾಯಿತು. ಪರಮಾನಂದ ಎದ್ದು ನಿಂತು, "ಯಾಂವಲೇ ಅಂವಾ, ಮಗ್ಗ ಹಾಕಿದಾಂವ? ಬಂದ್ ಮಾಡಸ್ರಿ ಮೊದಲ" ಎಂದು ಅಬ್ಬರಿಸಿದ. ಆದರೆ ಒಂದು ಮಗ್ಗ ಶುರುವಾದರೆ ಬಂದ್ ಮುಗಿಯಿತೆಂದು ಪಕ್ಕದ ಮನೆಯಲ್ಲಿ ಉಳಿದಿದ್ದವರು ತಮ್ಮದನ್ನೂ ಹಾಕಿದರು. ಅವರದನ್ನು ಕೇಳಿ ಅದರಾಚೆಯವರು. ನೋಡನೋಡುತ್ತ ಓಣಿಯೆಲ್ಲ ಗುಂಯ್ ಎಂದಿತು. ನನ್ನ ನಿಶ್ಶಬ್ದದ ಕಾಣಿಕೆ ಹೀಗೆ ಮಣ್ಣುಪಾಲಾಗುತ್ತಿರುವುದನ್ನು ನಾನು ಕಂಗೆಟ್ಟು ನೋಡುತ್ತಿದ್ದೆ.

ಗೆಜ್ಜೆಯ ಗಂಟಿನ ಮೇಲಿದ್ದ ಕೈ ಅಲ್ಲೇ ನಿಂತಿತು. ಚನಮಲ್ಲಪ್ಪನವರು ತಲೆಯೆತ್ತಿ ತಮ್ಮ ಮನೆಯ ಕಡೆ ನೋಡಿದರು. ಶಾಲು ತೆಗೆದು ನಾಮದೇವನ ಪೇಟಿಯ ಮೇಲೆ ಹಾಕಿದರು. ಪೇಟಿಯ ಬಾಯಿ ಮುಚ್ಚಿತು. ಅದೇ ಗೇಣಿನ ಹೆಜ್ಜೆಯಲ್ಲಿ, ಅದೇ ನೆಟ್ಟ ಕತ್ತಿನಲ್ಲಿ, ಜಮಖಾನೆ ದಾಟಿ, ಐದಡಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು, ಓಣಿಯ ಮಣ್ಣಿಗೆ ಬಂದು, ನಿರಿಗೆಯನ್ನು ತುಸುವೇ ಎತ್ತಿ ಬಲಗಾಲು ಊರಿದರು. ಐದೂ ಬೆರಳು ಅಗಲಿದವು. ಕಣ್ಣು ಮುಚ್ಚಿದವು.

ಹೊಸ್ತಿಲವ್ವಾ, ನಾ ನಿನ್ನ ದಾಟತೇನಿ, ನೀ ನನ್ನ ದಾಟಬ್ಯಾಡ.

ಮೈಕು ಇಲ್ಲ, ಪೇಟಿ ಇಲ್ಲ. ನಲವತ್ತು ಮಗ್ಗಗಳ ಸದ್ದಿನ ಮೇಲೆ ಆ ಸ್ವರ ನಾಲ್ಕನೆಯ ಕರಿಪಟ್ಟಿಯ ಮೇಲೆ ನೂಲೆಳೆಯಷ್ಟೂ ಆಚೀಚೆಯಾಗದೆ ನಿಂತಿತು. ಕೊನೆಯ 'ದಾಟಬ್ಯಾಡ'ವನ್ನು ಮೇಲಿನ ಷಡ್ಜಕ್ಕೆ ಏರಿಸುವಾಗ ಗಂಟಲು ಒಂದು ಕ್ಷಣ ನಡುಗಿದ್ದು ನಿಜ, ನಡುಗಿದರೂ ಇಳಿಯಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕರೆಪ್ಪ ರಂಗದ ಮೇಲೆ ನಿಂತಲ್ಲೇ ಹೆಗಲ ಕಂಬಳಿಯಿಂದ ಮುಖ ಮುಚ್ಚಿಕೊಂಡ. ನಾನು ಅತ್ತೆ, ಈ ಸಲ ಕರ್ಚೀಫಿನ ನೆನಪಾಗಲಿಲ್ಲ. ಚನಮಲ್ಲಪ್ಪನವರು ಬಗ್ಗಿ, ಎರಡೂ ಗೆಜ್ಜೆಯನ್ನು ಬಿಚ್ಚಿ, ಹಿಂದೆಯೇ ಇಳಿದು ಬಂದಿದ್ದ ನಾಮದೇವನ ಕೈಗೆ ಕೊಟ್ಟರು.

ಜನ ಅವರೊಡನೆ ಫೋಟೋ ತೆಗೆಸಿಕೊಳ್ಳಲು ಮುಗಿಬಿದ್ದಾಗ ನಾನು ತಪ್ಪಿಸಿಕೊಂಡು ಆ ಮನೆಯ ಬಾಗಿಲಿಗೆ ಹೋದೆ. ಭಾಗವ್ವ ಮಗ್ಗದ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಿದ್ದಳು. ಮಗ್ಗ ಓಡುತ್ತಿತ್ತು. ಅದರಲ್ಲಿ ನೂಲಿರಲಿಲ್ಲ, ಖಾಲಿ ಲಾಳಿ ಬರಿದೇ ಆಚೆಗೂ ಈಚೆಗೂ ಹಾಯುತ್ತಿತ್ತು.

"ಅವರಿಗೆ ಪೇಟಿ ಸದ್ದ ಕೇಳೂದು ಬಿಟ್ಟು ಇಪ್ಪತ್ತ ವರ್ಷ ಆತ್ರಿ" ಎಂದಳು ಭಾಗವ್ವ, ನಾನು ಕೇಳುವ ಮೊದಲೇ. "ಮಗ್ಗ ಕಿವಿ ತಿಂದಾವು. ಮೋಟಾರಿನ ಗುಂಯ್ ಅನ್ನೂದು ನೆಲದಾಗ ಬರತೈತಲ್ರಿ, ಅದನ್ನ ಕಾಲಾಗ ಹಿಡೀತಾರ. ಮಂದಿಗೆ ಹೇಳಾಕ ನಾಚಿಕಿ. ಕಿವುಡ ಹಾಡತಾನ ಅಂದಾರಂತ."

ಗಿರಣಿ, ಜನರೇಟರು, ಮಗ್ಗದ ಕಾಲು, 'ಅದಿರಲಿ ಬಿಡ್ರಿ', ಎಲ್ಲವೂ ಒಂದರ ಹಿಂದೊಂದು ನನ್ನ ತಲೆಯ ಮೇಲೆ ಬಿದ್ದವು. ಮುಂದೊಂದು ದಿನ ನಾಮದೇವ ಪೇಟಿಯನ್ನೇ ಮಗ್ಗದ ಮನೆಗೆ ಹೊತ್ತು ತಂದು ನನಗೆ ಒತ್ತಿ ತೋರಿಸಿದ: ಈ ಮೋಟಾರುಗಳೆಲ್ಲ ಗುಂಯ್‌ಗುಡುವುದು ಕರಿ ನಾಕಿನಲ್ಲೇ, ಕೂದಲೆಳೆಯಷ್ಟು ಕೆಳಗೆ. ಆದರೆ ಆ ಸಂಜೆ ನನ್ನ ಬಾಯಿಗೆ ಬಂದದ್ದು ಹಳೆಯ ಮಾತೇ.

"ನೀವು ಒಂದ್ ಸಲರೆ ಬಂದು ಕೇಳಬಾರದಾಗಿತ್ತೇನ್ರಿ? ಒಂದ್ ಸೀರಿಗೆ ಇಷ್ಟ ವರ್ಷ ಸಿಟ್ಟೇನು?"

"ಸೀರಿ ಸಿಟ್ಟ ಒಂದ್ ವರ್ಷಕ್ಕ ಇಳೀತ್ರಿ. ಆಮ್ಯಾಲ ಮಕ್ಕಳಾದ್ವು, ಎಲ್ಲಿ ಬರೂದು? ಮಕ್ಕಳು ದೊಡ್ಡವು ಆಗೂದ್ರಾಗ ಅವರ ಕಿವಿ ಹೋತು." ಓಡುವ ಲಾಳಿಯನ್ನೇ ನೋಡುತ್ತ ಭಾಗವ್ವ ಹೇಳಿದಳು: "ಆಟ ಅಂದ್ರ ಓಣ್ಯಾನವರೆಲ್ಲಾ ಮಗ್ಗ ಬಂದ್ ಮಾಡಿ ಹೋಗಿ ಕುಂದರತಾರ. ನಾನೂ ಬಂದು ಕುಂತಿದ್ರ, ಮಗ್ಗ ಯಾರ ಹಾಕಬೇಕಾಗಿತ್ತರಿ?"

ಆ ಹೊತ್ತಿಗೆ ಚನಮಲ್ಲಪ್ಪನವರು ಬಂದರು. ನತ್ತು ವಾರೆಯಾಗಿತ್ತು, ಬೆವರಿಗೆ ಬಣ್ಣ ಇಳಿದಿತ್ತು. ತಮ್ಮ ಮನೆಯ ಹೊಸ್ತಿಲಿನ ಮುಂದೆ ರಾಣಿಯ ಹಾಗೆ ಒಂದು ಗಳಿಗೆ ನಿಂತು, ಬಲಗಾಲನ್ನು ಒಳಗಿಟ್ಟರು.

ಭಾಗವ್ವ ತಲೆ ಎತ್ತದೆ ಕೇಳಿದಳು, "ಆತೇನು?"

ಆ ಸದ್ದಿನಲ್ಲಿ ಅವರಿಗೆ ಮಾತು ಕೇಳಿಸಿತೋ, ತುಟಿ ಕಂಡಿತೋ ಅರಿಯೆ. "ಆತು" ಎಂದರು.

ಭಾಗವ್ವ ಎದ್ದು ಮಗ್ಗದ ಸ್ವಿಚ್ಚು ಒತ್ತಿದಳು. ಅದು ನಿಂತಿತು.

ಈಗ ಅವರಿಗೆ ಮೀಸೆ ಬಂದಿದೆ. ಹುರಿ ಮಾಡುವಷ್ಟು ದಪ್ಪವಿಲ್ಲ, ಬಿಳಿಯ ನೂಲಿನ ಹಾಗೆ ತೆಳ್ಳಗೆ ಎರಡೂ ಕಡೆ ಇಳಿಬಿದ್ದಿದೆ. ಆದರೂ ದಿನಕ್ಕೆ ಹತ್ತು ಸಲ ತಿರುವುತ್ತಾರೆ. ಭಾಗವ್ವ, "ರಾಣಿಗೆ ಮೀಸಿ ಒಪ್ಪಂಗಿಲ್ಲ" ಎನ್ನುತ್ತಾಳೆ. ಕೋಟಿನ ಜೇಬಿನಲ್ಲಿ ಈಗಲೂ ಲವಂಗವಿದೆ. ನಾನು ಸ್ಮರಣ ಸಂಚಿಕೆಯ ಆ ಲೇಖನವನ್ನು ತಿದ್ದಲು ಕೂತು, ಭೂಮಾತೆಯ ವಂದನೆಯನ್ನು ಹೊಡೆದು ಹಾಕಿ, ಅಡಿಟಿಪ್ಪಣಿಯಲ್ಲಿ ಭಾಗವ್ವನ ಹೆಸರು ಬರೆದ ಮೇಲೆ ಮುಂದೇನು ಬರೆಯಬೇಕೆಂದು ತಿಳಿಯದೆ ಹಾಗೆಯೇ ಬಿಟ್ಟಿದ್ದೇನೆ.

ಚನಮಲ್ಲಪ್ಪನವರಂಥವರು ನಮ್ಮ ಊರೂರಿಗೂ ಒಬ್ಬಿಬ್ಬರು ಇದ್ದಾರೆ. ಕಲಿತ ನಾವು ಅವರ ಸುತ್ತ ಮೌನವನ್ನು ಕಟ್ಟಿ, ಎತ್ತರದಲ್ಲಿ ಕೂರಿಸಿ, ಕಾಲಡಿಗೆ ಮೆತ್ತನೆಯದೇನನ್ನೋ ಹಾಸಿ, ಅವರ ಕಲೆಯನ್ನು ಅವರ ಬದುಕಿನ ಗದ್ದಲದಿಂದ ಬಿಡಿಸಿ ತೆಗೆದೆವೆಂದು ಸಂತೋಷಪಡುತ್ತೇವೆ. ಅವರ ಹಾಡು ಆ ಗದ್ದಲದ ಮೇಲೆಯೇ ನಿಂತಿರುತ್ತದೆ, ನಮಗೆ ಅದು ಕೇಳುವುದಿಲ್ಲ. ಇಂಥವರ ದೊಡ್ಡಸ್ತಿಕೆಯನ್ನು ಬರೆಯಲು ಹೊರಟವನು ಮೊದಲು ರಂಗವನ್ನು ಬಿಟ್ಟು ಇಪ್ಪತ್ತು ಹೆಜ್ಜೆಯಾಚೆ ಹೋಗಿ, ಆಟ ನೋಡಲು ಬಾರದೆ ಮನೆಯಲ್ಲಿ ಉಳಿದವರು ಯಾರು, ಆ ಹೊತ್ತಿನಲ್ಲಿ ಅವರು ಏನು ಮಾಡುತ್ತಿದ್ದರು ಎಂದು ವಿಚಾರಿಸಬೇಕು. ನಾನು ವಿಚಾರಿಸಲು ಇಪ್ಪತ್ತು ವರ್ಷ ತಡವಾಯಿತು.